ಠಕ್ಕನ ಜಾಡು ಹಿಡಿದು

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಅದಾದ ಸ್ವಲ್ಪ ಕಾಲಕ್ಕೇ ಬೆಂಗಳೂರಿನ ಆಸುಪಾಸಿನಲ್ಲಿ ಸುಮಾರು ನೂರು ಮಂದಿ ಸೆರೆ ಸಿಕ್ಕರು. ದಾರಿಹೋಕರ ಜೊತೆಗೂಡಿ, ಒಂದೆರಡು ಹಗಲು ಒಟ್ಟಿಗೆ ನಡೆದು, ಉಂಡು, ಹರಟಿ, ನಂಬಿಕೆ ಕುದುರಿದ ಮೇಲೆ ಕುತ್ತಿಗೆಗೆ ಬಟ್ಟೆ ಬಿಗಿದು ಕೊಂದು ಹೂಳುವವರು ಇವರು. ಹಿಡಿದ ಇಂಗ್ಲಿಷರಿಗೆ ತಮ್ಮ ಕೈಗೆ ಸಿಕ್ಕವರು ಯಾರೆಂಬುದು ಆಗ ಸರಿಯಾಗಿ ಹೊಳೆಯಲಿಲ್ಲ. ಇದು ಬೇರೆಯೇ ಕಸುಬು ಎಂದು ಖಾತ್ರಿಯಾದದ್ದು 1807ರಲ್ಲಿ. ತಿರುವಾಂಕೂರಿನ ಕಡೆಯಿಂದ ಲೂಟಿ ಹೊತ್ತು ಮರಳುತ್ತಿದ್ದ ಒಂದು ತಂಡದ ಕೆಲವರು ಆ ವರ್ಷ ಚಿತ್ತೂರು ಮತ್ತು ಆರ್ಕಾಟಿನ ನಡುವೆ ಸಿಕ್ಕಿಬಿದ್ದರು. ಮದ್ರಾಸಿನಲ್ಲಿದ್ದ ರಿಚರ್ಡ್ ಶೆರ್‌ವುಡ್ ಎಂಬ ಡಾಕ್ಟರು ಇಂಥವರ ಹೇಳಿಕೆಗಳನ್ನೆಲ್ಲ ಕಲೆಹಾಕಿ 1816ರಲ್ಲಿ ಒಂದು ಲೇಖನ ಬರೆದರು.

ಪದದ ಬೆನ್ನು ಹತ್ತುವವರಿಗೆ ಆ ಲೇಖನದ ಮೊದಲ ಭಾಗದಲ್ಲೇ ಒಂದು ನಿಧಿ ಇದೆ. ಈ ಕೊಲೆಗಾರರನ್ನು ಯಾವ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಶೆರ್‌ವುಡ್ ಪಟ್ಟಿ ಮಾಡುತ್ತಾರೆ. ಉತ್ತರದಲ್ಲಿ ಠಗ್, ಅಂದರೆ ಮೋಸಗಾರ. ದಕ್ಷಿಣದಲ್ಲಿ ಸಾಮಾನ್ಯವಾಗಿ ಫಾಸಿಗಾರ. ಕನ್ನಡದಲ್ಲಿ? ಅವರ ಇಂಗ್ಲಿಷ್ ಕಾಗುಣಿತವನ್ನು ಬಿಡಿಸಿ ಓದಿದರೆ ‘ತಂತಿ ಕಳ್ಳರು’. ತಂತಿಯನ್ನೋ ನರದ ಹುರಿಯನ್ನೋ ಕುಣಿಕೆ ಮಾಡಿ ಬಿಗಿಯುವ ಕಳ್ಳರು ಎಂಬ ವಿವರಣೆಯೂ ಜೊತೆಗಿದೆ. ತಮಾಷೆಯೆಂದರೆ ಕೊಲ್ಲುವ ವಿಧಾನವನ್ನು ವಿವರಿಸುವಾಗ ಅದೇ ಲೇಖನ ಹೇಳುವುದು ಬಟ್ಟೆಯ ಮಾತು: ಒಬ್ಬ ಕುತ್ತಿಗೆಗೆ ಬಟ್ಟೆ ಹಾಕುತ್ತಾನೆ, ಇನ್ನೊಬ್ಬ ಅದರ ಮತ್ತೊಂದು ತುದಿ ಹಿಡಿಯುತ್ತಾನೆ, ಮೂರನೆಯವನು ಕಾಲು ಸೆಳೆಯುತ್ತಾನೆ. ಜನ ಕಂಡದ್ದು ಹೆಣವನ್ನು, ಅದೂ ಸಿಕ್ಕರೆ. ಕೊಂದ ಸಲಕರಣೆಯನ್ನು ಕಂಡವರು ಯಾರು? ಹೆಸರಿಡುವಾಗ ‘ತಂತಿ’ ಊಹೆಯಿಂದ ಬಂದಿರಲಿಕ್ಕೂ ಸಾಕು.

ಈ ಪದ ಇವತ್ತು ಯಾರಿಗಾದರೂ ಅರ್ಥವಾದೀತೇ? ಮಂಡ್ಯದ ಕಡೆ ‘ತಂತಿಕಳ್ಳ’ ಎಂದರೆ ಪಂಪ್‌ಸೆಟ್ಟಿನ ಕೇಬಲ್ ಕತ್ತರಿಸಿ ತಾಮ್ರ ಮಾರುವವನು ಎಂದೇ ರೈತರು ತಿಳಿದಾರು. ವೀಣೆಯ ತಂತಿ, ತಂತಿ ಸಮಾಚಾರ, ಕರೆಂಟಿನ ತಂತಿ ಎಂದು ಪದ ಬೇರೆ ಮನೆಗಳಿಗೆ ಹೋಗಿ ನೆಲೆಸಿದೆ. ಫಾಸಿಗಾರನ ಕಥೆ ಇನ್ನೂ ವಿಚಿತ್ರ. ಸಂಸ್ಕೃತದ ಪಾಶವೇ ಉತ್ತರದ ಮಾತುಗಳಲ್ಲಿ ಫಾಸಿ ಆಯಿತು. ಹೈದರಾಲಿ ಇಂಥವರನ್ನು ವಿಚಾರಣೆ ಗಿಚಾರಣೆ ಎನ್ನದೆ ಮುಗಿಸಿದನೆಂದೂ, ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆ, ಕೆಲವರಿಗೆ ಅಂಗಚ್ಛೇದ ಆಯಿತೆಂದೂ, ದಿವಾನ್ ಪೂರ್ಣಯ್ಯನವರು ಗಲ್ಲಿನ ಶಿಕ್ಷೆಯನ್ನೇ ಗೊತ್ತುಮಾಡಿದರೆಂದೂ ಶೆರ್‌ವುಡ್ ದಾಖಲಿಸುತ್ತಾರೆ. ಅಂದರೆ ಫಾಸಿಗಾರನಿಗೆ ಫಾಸಿ. ಕೊಲೆಗೂ ಕೊಲೆಯ ಶಿಕ್ಷೆಗೂ ಒಂದೇ ಹಗ್ಗ, ಒಂದೇ ಪದ. ಕನ್ನಡದಲ್ಲಿ ಕಸುಬಿನ ಅರ್ಥ ಸತ್ತು ಶಿಕ್ಷೆಯ ಅರ್ಥ ಮಾತ್ರ ಉಳಿದಿದೆ.

ಈ ಮೂರರಲ್ಲಿ ಗಟ್ಟಿಯಾಗಿ ಬಾಳಿದ್ದು ಠಕ್ಕ.

ನಿಘಂಟುಕಾರರು ತೋರಿಸುವ ದಾರಿಯಲ್ಲಿ ಹಿಂದಕ್ಕೆ ಹೋದರೆ ಸಂಸ್ಕೃತದ ‘ಸ್ಥಗ್’ ಎಂಬ ಧಾತು ಸಿಗುತ್ತದೆ. ಮುಚ್ಚು, ಮರೆಮಾಡು ಎಂದು ಅದರ ಅರ್ಥ. ಸ್ಥಗ ಎಂದರೆ ಮರೆಮಾಚುವವನು, ವಂಚಕ. ಅದು ಪ್ರಾಕೃತದ ಬಾಯಿಗೆ ಬಿದ್ದು, ಹಿಂದಿಯಲ್ಲಿ ಠಗ್, ಮರಾಠಿಯಲ್ಲಿ ಠಕ, ನಮ್ಮಲ್ಲಿ ಒತ್ತು ಬಿದ್ದು ಠಕ್ಕ. ಹಳ್ಳಿಯ ನಾಲಿಗೆಗೆ ಮಹಾಪ್ರಾಣದ ಹಂಗಿಲ್ಲವಾಗಿ ಟಕ್ಕ, ಟಕ್ಕು. ಇದೇ ಧಾತುವಿನ ಇನ್ನೊಂದು ಕುಡಿ ದಿನವೂ ಪತ್ರಿಕೆಯಲ್ಲಿ ಕಾಣುತ್ತದೆ: ಸ್ಥಗಿತ. ಮೂಲದಲ್ಲಿ ‘ಮುಚ್ಚಿದ’ ಎಂದಿದ್ದ ಪದ ಕನ್ನಡದಲ್ಲಿ ‘ನಿಂತುಹೋದ’ ಎಂದಾಯಿತು. ಕಾಮಗಾರಿ ಸ್ಥಗಿತಗೊಂಡಿದೆ ಎಂಬ ಸುದ್ದಿಯಲ್ಲಿ ಠಕ್ಕನ ದಾಯಾದಿಯೊಬ್ಬ ಕುಳಿತಿದ್ದಾನೆ. (ಕೆಲವು ಕಾಮಗಾರಿಗಳ ಮಟ್ಟಿಗೆ ಆ ನೆಂಟಸ್ತಿಕೆ ಇನ್ನೂ ಹಸಿಯಾಗಿಯೇ ಇದೆಯೇನೋ.)

ಇನ್ನೂ ದೂರ ಹೋಗಬಹುದು. ಸ್ಥಗ್ ಧಾತುವನ್ನು ಭಾಷಾವಿದರು ಲ್ಯಾಟಿನ್ನಿನ ‘ತೆಗೆರೆ’ಯ ಜೊತೆ ಇಟ್ಟು ನೋಡುತ್ತಾರೆ. ಅದಕ್ಕೂ ಮುಚ್ಚು ಎಂದೇ ಅರ್ಥ. ಅದರ ಹಿಂದೆ ಒಂದು ‘ದೆ’ ಸೇರಿಸಿದರೆ ಮುಚ್ಚಿದ್ದನ್ನು ತೆರೆ ಎಂದಾಗುತ್ತದೆ. ಡಿಟೆಕ್ಟಿವ್ ಬಂದದ್ದು ಅಲ್ಲಿಂದ. ಹಾಗಾದರೆ ಠಕ್ಕನೂ ಪತ್ತೇದಾರನೂ ಒಂದೇ ವಂಶದವರು. ಒಬ್ಬ ಮುಚ್ಚುತ್ತಾನೆ, ಇನ್ನೊಬ್ಬ ತೆರೆಯುತ್ತಾನೆ.

ಹಾಗೆ ತೆರೆಯಹೊರಟವರಲ್ಲಿ ಹೆಸರಾದವನು ವಿಲಿಯಂ ಹೆನ್ರಿ ಸ್ಲೀಮನ್. 1830ರ ಸುಮಾರಿಗೆ ಸಾಗರ ಮತ್ತು ಜಬಲ್‌ಪುರದ ಸೀಮೆಯಲ್ಲಿ ಅವನು ಕಟ್ಟಿದ ವಿಚಾರಣೆಯ ಕ್ರಮವನ್ನು ಇಂದಿನ ಪೊಲೀಸ್ ತರಬೇತಿಯವರೂ ಓದಿದರೆ ನಷ್ಟವಿಲ್ಲ. ಅವನ ಮುಖ್ಯ ಆಯುಧ ಮಾಫಿ ಸಾಕ್ಷಿ. ಸಿಕ್ಕವನಿಗೆ ಪ್ರಾಣಭಿಕ್ಷೆ ಕೊಡುವುದು, ಅದಕ್ಕೆ ಬದಲಾಗಿ ಅವನು ಎಲ್ಲವನ್ನೂ ಹೇಳಬೇಕು. ಒಂದನ್ನು ಮುಚ್ಚಿಟ್ಟದ್ದು ಗೊತ್ತಾದರೂ ಕರಾರು ಮುರಿದಂತೆ. ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಬೀಳದಂತೆ ಬೇರೆಬೇರೆಯಾಗಿ ಹೇಳಿಕೆ ತೆಗೆಯುತ್ತಿದ್ದ. ದಾರಿಹೋಕರು ಎಷ್ಟು ಮಂದಿ, ಎಲ್ಲಿ ಜೊತೆಯಾದರು, ಕುತ್ತಿಗೆಗೆ ಕೈ ಹಾಕಿದವನಾರು, ಕೈ ಹಿಡಿದವನಾರು, ಗುಂಡಿ ತೋಡಿದವನಾರು ಎಂಬಂಥ ಸಣ್ಣ ಪ್ರಶ್ನೆಗಳೇ ಹೆಚ್ಚು. ಆ ಉತ್ತರಗಳನ್ನು ಪರಸ್ಪರ ತಾಳೆ ನೋಡಿ, ಸತ್ತವರ ಬಂಧುಗಳ ಮಾತಿನೊಡನೆ ಹೊಂದಿಸಿ, ಕಡೆಗೆ ನೆಲ ಅಗೆಸುತ್ತಿದ್ದ. ಫಿರಂಗಿಯಾ ಎಂಬ ಹೆಸರಾಂತ ಠಕ್ಕ ಸಿಕ್ಕಮೇಲೆ ತೋಪೊಂದರಲ್ಲಿ ಸ್ಲೀಮನ್ ಡೇರೆ ಹಾಕಿದ್ದ. ಹೆಣ ಹೂತ ಜಾಗ ಎಲ್ಲೆಂದು ಕೇಳಿದರೆ ಫಿರಂಗಿಯಾ ಆ ತೋಪಿನ ನೆಲವನ್ನೇ ತೋರಿಸಿದ. ಅಗೆದಾಗ ಅಸ್ಥಿಪಂಜರಗಳು ಬಂದವು. ಸಾಹೇಬನ ಸಂಸಾರ ರಾತ್ರಿ ಮಲಗಿದ್ದ ಜಾಗ ಅದು.

ಹೇಳಿಕೆ ಸಾಲದೆಂದು ಅವನು ಅವರ ಗುಪ್ತಭಾಷೆಯನ್ನೂ ಕಲಿತ. ಅದರ ಹೆಸರು ರಾಮಸಿ. ಆ ಪದಗಳ ಕೋಶವನ್ನೂ ಮಾಫಿ ಸಾಕ್ಷಿಗಳೊಡನೆ ನಡೆದ ಮಾತುಕತೆಯನ್ನೂ ಸೇರಿಸಿ 1836ರಲ್ಲಿ ಕಲ್ಕತ್ತೆಯಲ್ಲಿ ‘ರಾಮಸೀಯಾನ’ ಎಂಬ ಪುಸ್ತಕ ಹೊರತಂದ. ಮಾತಿನ ನಡುವೆ ತಂಬಾಕಿನ ಸುದ್ದಿ ಎತ್ತಿದರೆ ಅದೇ ಕೊಲ್ಲುವ ಸನ್ನೆ. ಮೋಸದ ಮಾತಾಡಿ ಪ್ರಯಾಣಿಕನನ್ನು ಒಲಿಸುವವನಿಗೆ ಒಂದು ಹೆಸರು, ಬಿಗಿಯುವವನಿಗೆ ಇನ್ನೊಂದು, ಗುಂಡಿ ತೋಡುವವನಿಗೆ ಮತ್ತೊಂದು. ಪುಸ್ತಕದ ಜೀವ ಇರುವುದು ಸವಾಲು-ಜವಾಬಿನ ಭಾಗದಲ್ಲಿ. ಬೇರೆಬೇರೆ ಸೀಮೆಯ ಠಕ್ಕರನ್ನು ಒಟ್ಟಿಗೆ ಕೂರಿಸಿ, ಒಂದು ಪ್ರಶ್ನೆ ಎಸೆದು, ಅವರು ತಮ್ಮತಮ್ಮಲ್ಲೇ ಜಗಳಕ್ಕೆ ಬೀಳುವುದನ್ನು ಸ್ಲೀಮನ್ ಬರೆಸಿಕೊಳ್ಳುತ್ತಾನೆ. ಹೆಂಗಸರನ್ನು ಕೊಲ್ಲಬಹುದೇ, ದಖ್ಖನ್ನಿನವರ ರೂಢಿ ಸರಿಯೋ ಹಿಂದೂಸ್ತಾನದವರದೋ ಎಂದು ವಾದ ಏರುತ್ತದೆ. ತನ್ನ ತಪ್ಪನ್ನು ಒಪ್ಪದವನು ಇನ್ನೊಬ್ಬನ ತಪ್ಪನ್ನು ತಿದ್ದುವ ಭರದಲ್ಲಿ ತನ್ನದನ್ನೂ ಹೇಳಿಬಿಡುತ್ತಾನೆ. ಕನಿಕರ ಬರುವುದಿಲ್ಲವೇ ಎಂದರೆ ಫಿರಂಗಿಯಾ ಬೆಲ್ಲದ ಮಾತೆತ್ತುತ್ತಾನೆ: ಕೊಲೆಯಾದ ಮೇಲೆ ಹಂಚುವ ದೇವಿಯ ಬೆಲ್ಲವನ್ನು ಒಮ್ಮೆ ತಿಂದವನು ಬೇರೆ ಏನೂ ಆಗಲಾರ ಎಂಬರ್ಥದ ಮಾತು. ಆಲೆಮನೆಯ ನಾಡಿನ ನಾವು ಅದನ್ನು ಓದಿ ಒಂದು ಕ್ಷಣ ತಬ್ಬಿಬ್ಬಾಗುತ್ತೇವೆ.

ಆದರೆ ಸ್ಲೀಮನ್ನನ ವಿಚಾರಣೆಯನ್ನು ಕಣ್ಣುಮುಚ್ಚಿ ಮೆಚ್ಚುವ ಹಾಗಿಲ್ಲ. ಮಾಫಿ ಸಾಕ್ಷಿಯ ಕೊರಳು ಉಳಿಯುವುದು ಅವನು ಎಷ್ಟು ಜನರ ಹೆಸರು ಹೇಳಿದ ಎಂಬುದರ ಮೇಲೆ. ಇಂಥವನ ಬಾಯಲ್ಲಿ ಹೆಸರುಗಳಿಗೆ ಬರವಿರುತ್ತದೆಯೇ? ಅದಕ್ಕಿಂತ ಸೂಕ್ಷ್ಮವಾದ ದೋಷ ಪ್ರಶ್ನೆಯಲ್ಲೇ ಇದೆ. ದೇವಿಯ ಅಪ್ಪಣೆ, ಶಕುನ, ವ್ರತಭಂಗ ಎಂದು ಪ್ರಶ್ನೆಯ ಹೊಟ್ಟೆಯಲ್ಲೇ ಉತ್ತರವಿಟ್ಟು ಕೇಳಿದರೆ ಎದುರಿಗಿರುವವನು ಹೌದು ಸ್ವಾಮಿ ಎನ್ನದೆ ಇನ್ನೇನು ಹೇಳಿಯಾನು? ದೇಶದ ತುಂಬ ಹಬ್ಬಿದ ಕಾಳಿಭಕ್ತ ಕೊಲೆಗಾರರ ಒಂದೇ ಪಂಥ ಎಂಬ ಚಿತ್ರದಲ್ಲಿ ಎಷ್ಟು ಪಾಲು ಠಕ್ಕರದು, ಎಷ್ಟು ಪಾಲು ಕೇಳಿದವರದು ಎಂದು ಹಿರಾಲಾಲ್ ಗುಪ್ತ, ಕಿಮ್ ವ್ಯಾಗ್ನರ್ ಮೊದಲಾದ ಇತಿಹಾಸಕಾರರು ವಾದಿಸುತ್ತ ಬಂದಿದ್ದಾರೆ. ಕೊಲೆಗಳು ನಡೆದದ್ದಂತೂ ನಿಜ, ನೆಲ ಅಗೆದಾಗ ಮೂಳೆ ಸಿಕ್ಕಿದೆ. ಪಂಥದ ಕಥೆಗೆ ಅಂಥ ಮೂಳೆಯ ಆಧಾರವಿಲ್ಲ ಎಂದೇ ನನ್ನ ಎಣಿಕೆ.

ಪದ ಇಂಗ್ಲೆಂಡಿಗೆ ಹಡಗು ಹತ್ತಿದ್ದು ಹೀಗೆ. ಅದನ್ನು ಮನೆಮನೆಗೆ ಮುಟ್ಟಿಸಿದವನು ನಮ್ಮ ಸುರಪುರದ ಟೇಲರ್ ಸಾಹೇಬ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಠಕ್ಕನೊಬ್ಬನ ತಪ್ಪೊಪ್ಪಿಗೆಯ ಕಾದಂಬರಿ ಪ್ರಕಟಿಸಿದ. ಸೆರೆಯಲ್ಲಿರುವ ಅಮೀರ್ ಅಲಿ ಹೇಳುತ್ತಾನೆ, ಸಾಹೇಬ ಕೇಳುತ್ತಾನೆ, ಪುಸ್ತಕವಿಡೀ ಒಂದು ಸಂದರ್ಶನ. ಮರುವರ್ಷವೇ ಅವನು ಟಿಪ್ಪುವನ್ನು ಕುರಿತ ಕಾದಂಬರಿಯನ್ನೂ ತಂದ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ.

ಇಲ್ಲಿಂದ ಮುಂದೆ ಪದದ ಸಂಸಾರ ಪಾಲಾಯಿತು. ಇಂಗ್ಲಿಷಿನ ಥಗ್ ಹಿಂಸೆಯನ್ನು ಇಟ್ಟುಕೊಂಡು ಮೋಸವನ್ನು ಬಿಟ್ಟ. ಇವತ್ತು ಆ ಪದಕ್ಕೆ ಗೂಂಡಾ ಎಂದರ್ಥ. ಗೂಂಡಾ ಯಾರ ನಂಬಿಕೆಯನ್ನೂ ಗಳಿಸುವ ತೊಂದರೆ ತೆಗೆದುಕೊಳ್ಳುವುದಿಲ್ಲ. ಕನ್ನಡದ ಠಕ್ಕ ಮೋಸವನ್ನು ಇಟ್ಟುಕೊಂಡು ಕೊಲೆಯನ್ನು ಬಿಟ್ಟ. ಮಕ್ಕಳ ಕಥೆಯ ಠಕ್ಕ ನರಿಯಾಗಿ, ತಕ್ಕಡಿಯಲ್ಲಿ ಕೈಚಳಕ ತೋರಿಸುವ ವ್ಯಾಪಾರಿಯಾಗಿ ಬಡವಾಗಿಬಿಟ್ಟ. ಕಾನೂನಿನಲ್ಲೂ ಹೀಗೆಯೇ ಆಯಿತು. 1836ರ ಕಾಯಿದೆ ಠಕ್ಕರ ತಂಡಕ್ಕೆ ಸೇರಿದ್ದರೆ ಸಾಕು, ಜೀವಾವಧಿ ಎಂದಿತು. ಠಕ್ಕನೆಂದರೆ ಯಾರು ಎಂದು ಹೇಳಲಿಲ್ಲ. 1860ರ ದಂಡಸಂಹಿತೆಯ 310ನೆಯ ಕಲಮು ವ್ಯಾಖ್ಯೆ ಕೊಟ್ಟಿತು: ಕೊಲೆಯೊಡನೆ ದರೋಡೆ ಅಥವಾ ಮಕ್ಕಳ ಕಳವು ಮಾಡಲೆಂದು ರೂಢಿಯಾಗಿ ಜೊತೆಗೂಡುವವನು. ಅದರಲ್ಲಿ ಮೋಸದ ಮಾತೇ ಇಲ್ಲ, ಠಕ್ಕನಿಂದ ಠಕ್ಕನ್ನೇ ಕಿತ್ತುಹಾಕಿದಂತೆ. ಆ ಕಲಮು 2024ರ ಜುಲೈ 1ರ ತನಕ ಜಾರಿಯಲ್ಲಿತ್ತು. ಹೊಸ ನ್ಯಾಯ ಸಂಹಿತೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ.

ಹೀಗಾಗಿ ನಂಬಿಸಿ ಕೊಲ್ಲುವವನಿಗೆ, ಮತ್ತೆಮತ್ತೆ ಹಾಗೆಯೇ ಕೊಲ್ಲುವವನಿಗೆ, ಹೆಸರೇ ಇಲ್ಲವಾಯಿತು. ‘ಸರಣಿ ಹಂತಕ’ ಎನ್ನುತ್ತೇವೆ. ಅದು ಹೆಣಗಳ ಲೆಕ್ಕ ಹೇಳುತ್ತದೆ, ಅವನು ಬಂದ ದಾರಿಯನ್ನು ಹೇಳುವುದಿಲ್ಲ. ದೇವಸ್ಥಾನಗಳಲ್ಲಿ ಕಷ್ಟ ತೋಡಿಕೊಳ್ಳುವ ಹೆಂಗಸರ ಸ್ನೇಹ ಮಾಡಿ, ಪೂಜೆಯ ನೆಪದಲ್ಲಿ ವಿಷ ಕುಡಿಸಿದ ‘ಸಯನೈಡ್ ಮಲ್ಲಿಕಾ’ ಸಿಕ್ಕಿಬಿದ್ದದ್ದು 2007ರಲ್ಲಿ. ಮದುವೆಯ ಆಸೆ ತೋರಿಸಿ ಕರೆದೊಯ್ದು, ಬಸ್ ನಿಲ್ದಾಣದಲ್ಲಿ ಗರ್ಭ ನಿಲ್ಲದಿರಲು ಮಾತ್ರೆಯೆಂದು ಸಯನೈಡ್ ಕೊಟ್ಟ ಮಾಜಿ ಮೇಷ್ಟರಿಗೆ ಮಂಗಳೂರಿನ ನ್ಯಾಯಾಲಯದಲ್ಲಿ 2013ರಿಂದ ಒಂದರ ಮೇಲೊಂದು ತೀರ್ಪು ಬಂದವು. ಪತ್ರಿಕೆಗಳು ಇಬ್ಬರನ್ನೂ ವಿಷದ ಹೆಸರಿನಿಂದ ಕರೆದವು. ಶೆರ್‌ವುಡ್ಡನ ಕಾಲದವರು ತಂತಿಯ ಹೆಸರಿಟ್ಟ ಹಾಗೆಯೇ, ಸಲಕರಣೆಯ ಹೆಸರು. ಕೊಂದದ್ದು ಮೊದಲು ಮಾತು, ಆಮೇಲೆ ಸಯನೈಡ್.

ಇಂಥವರನ್ನು ಮಾತಾಡಿಸುವುದು ಹೇಗೆ ಎಂಬ ಪ್ರಶ್ನೆ 1970ರ ದಶಕದ ಕೊನೆಗೆ ಅಮೆರಿಕದ ಎಫ್‌ಬಿಐನಲ್ಲಿ ಮತ್ತೆ ಎದ್ದಿತು. ರಾಬರ್ಟ್ ರೆಸ್ಲರ್, ಜಾನ್ ಡಗ್ಲಸ್ ಮೊದಲಾದವರು ಜೈಲುಗಳಿಗೆ ಹೋಗಿ, ಶಿಕ್ಷೆಯಾದ 36 ಕೊಲೆಗಾರರ ಅಧ್ಯಯನ ಮಾಡಿದರು. ಅವರು ಕಂಡುಕೊಂಡ ಕ್ರಮ ಇದು: ಕಡತವನ್ನು ಪೂರ್ತಿ ಓದಿಕೊಂಡೇ ಹೋಗಬೇಕು, ಅಸಹ್ಯ ಮುಖದಲ್ಲಿ ಕಾಣಬಾರದು, ಮೊದಲು ಅವನನ್ನೇ ಮಾತಾಡಲು ಬಿಡಬೇಕು, ಗೊತ್ತಿರುವ ಸಂಗತಿಯಿಂದ ಗೊತ್ತಿಲ್ಲದ್ದರ ಕಡೆಗೆ ಸರಿಯಬೇಕು. ಸ್ಲೀಮನ್ ಇದರಲ್ಲಿ ಬಹುಪಾಲನ್ನು ತನ್ನ ಡೇರೆಯಲ್ಲೇ ಮಾಡಿದ್ದ. ಅಪಾಯವೂ ಹಳೆಯದೇ. ಮೋಸದ ಮಾತೇ ಕಸುಬಾದವನು ಕೇಳುಗನಿಗೆ ಏನು ಬೇಕೆಂದು ಬೇಗ ಅರಿಯುತ್ತಾನೆ, ಅದನ್ನೇ ಬಡಿಸುತ್ತಾನೆ.

ನಮ್ಮ ಕಾನೂನು ಇದನ್ನು ಬಲ್ಲದು. 1872ರ ಸಾಕ್ಷ್ಯ ಕಾಯಿದೆಯಿಂದ ಇವತ್ತಿನ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನವರೆಗೂ ಒಂದೇ ಮಾತು: ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಡೆಯದು. ಆ ಮಾತಿನಿಂದ ಒಂದು ವಸ್ತುವೋ ಹೆಣವೋ ಪತ್ತೆಯಾದರೆ ಅಷ್ಟು ಮಟ್ಟಿಗಿನ ಮಾತು ನಡೆಯುತ್ತದೆ. ಮಂಪರು ಪರೀಕ್ಷೆ, ಸುಳ್ಳುಪತ್ತೆ ಯಂತ್ರಗಳನ್ನು ಒಪ್ಪಿಗೆಯಿಲ್ಲದೆ ಬಳಸಕೂಡದೆಂದು ಸುಪ್ರೀಂ ಕೋರ್ಟು 2010ರ ಮೇ 5ರಂದು ಹೇಳಿತು. ಅದು ಕರ್ನಾಟಕ ಸರ್ಕಾರವೇ ಕಕ್ಷಿಯಾಗಿದ್ದ ಸೆಲ್ವಿ ಪ್ರಕರಣ. 2022ರ ಜೂನ್‌ನಲ್ಲಿ ಪಾಂಡವಪುರದ ಬೇಬಿ ಗ್ರಾಮದ ಬಳಿ ಮತ್ತು ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆ ಭಾಗದಲ್ಲಿ ಇಬ್ಬರು ಹೆಂಗಸರ ಅರ್ಧ ದೇಹಗಳು ನಾಲೆಯಲ್ಲಿ ಸಿಕ್ಕಾಗ ಪೊಲೀಸರು ಶುರುಮಾಡಿದ್ದು ಸತ್ತವರು ಯಾರು ಎಂಬುದರಿಂದ. ಕಾಣೆಯಾದವರ ಪಟ್ಟಿಗಳನ್ನು ಜಾಲಾಡಿದರು. ಆಗಸ್ಟಿನಲ್ಲಿ ಇಬ್ಬರ ಬಂಧನವಾಯಿತು, ಮೂರನೆಯದೊಂದು ಕೊಲೆಯ ವಿಷಯವೂ ವಿಚಾರಣೆಯಲ್ಲಿ ಹೊರಬಂತೆಂದು ಹೇಳಿದರು. ಆರೋಪಿಗಳು ‘ಬಾಯಿಬಿಟ್ಟರು’ ಎಂದು ಬರೆಯುವುದು ಸುಲಭ. ಬಿಟ್ಟ ಬಾಯಿಗೆ ನೆಲದ ಸಾಕ್ಷಿ ಬೇಕು.

ಓದುಗರಲ್ಲಿ ಒಂದು ವಿನಂತಿ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಹೆಸರಿನ ಮೊದಲಲ್ಲಿ ಇರುವ ಗಂಜಾಂ ಶ್ರೀರಂಗಪಟ್ಟಣದ್ದೇ, ಪದಗಳ ವಿಚಾರದಲ್ಲಿ ಈ ಸೀಮೆಯ ಋಣ ದೊಡ್ಡದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದ ಕಡೆ ಬೈಗುಳದಲ್ಲೋ ಮಕ್ಕಳನ್ನು ಹೆದರಿಸುವ ಮಾತಿನಲ್ಲೋ ‘ತಂತಿಕಳ್ಳ’ ಉಳಿದಿದೆಯೇ ಎಂದು ನಿಮ್ಮ ಮನೆಯ ಹಿರಿಯರನ್ನು ವಿಚಾರಿಸಿ. ಆದರೆ ‘ತಂತಿಕಳ್ಳ ಅಂದ್ರೆ ಕತ್ತು ಬಿಗಿಯೋನು ತಾನೆ ಅಜ್ಜಿ?’ ಎಂದು ಕೇಳಬೇಡಿ. ‘ಹಿಂದೆ ದಾರೀಲಿ ಕೊಲ್ಲೋರ್ಗೆ ಏನಂತಿದ್ರಿ?’ ಎಂದಷ್ಟೇ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದು ಕಳಿಸಿ.