ತಪ್ಪಾಗಿ ಮಡಿಚಿಕೊಂಡ ಪ್ರೋಟೀನು: ಮೆದುಳಿನ ಕಾಯಿಲೆಗಳ ಸಂಶೋಧನೆ ನಡೆದುಬಂದ ದಾರಿ

ಆಲ್ಝೈಮರ್ ಕಾಯಿಲೆಯಲ್ಲಿ ನೆನಪು ಅಳಿಯುತ್ತದೆ, ಪಾರ್ಕಿನ್ಸನ್‌ನಲ್ಲಿ ಕೈ ನಡುಗುತ್ತದೆ, ಎಎಲ್‌ಎಸ್‌ನಲ್ಲಿ ಸ್ನಾಯುಗಳು ಸೊರಗುತ್ತವೆ. ಹೊರಗಿನ ಲಕ್ಷಣಗಳು ಹೀಗೆ ಬೇರೆಬೇರೆಯಾದರೂ ರೋಗಿಯ ನರ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಾಣುವುದು ಒಂದೇ ಬಗೆಯ ಕೇಡು: ದೇಹದ್ದೇ ಆದ ಯಾವುದೋ ಪ್ರೋಟೀನು ತನ್ನ ಸಹಜ ಆಕಾರ ಕಳೆದುಕೊಂಡು ಗಂಟುಗಟ್ಟಿರುತ್ತದೆ. ಆ ಗಂಟೇ ಕಾಯಿಲೆಯ ಕಾರಣವೋ, ಕಾಯಿಲೆ ಬಿಟ್ಟುಹೋದ ಗುರುತೋ ಎಂಬ ಪ್ರಶ್ನೆಯ ಸುತ್ತ ಈ ಕ್ಷೇತ್ರ ಬೆಳೆದಿದೆ.

ಮೊದಲು ಸಿಕ್ಕಿದ್ದು ಹೆಸರು, ಅದೂ ತಪ್ಪು ಹೆಸರು. 1854ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೋ ಅಂಗಾಂಶದಲ್ಲಿನ ಕೆಲವು ಶೇಖರಣೆಗಳು ಅಯೋಡಿನ್‌ಗೆ ಬಣ್ಣ ಬದಲಿಸುವುದನ್ನು ಕಂಡು, ಅವು ಪಿಷ್ಟದಂಥವೆಂದು ಬಗೆದು 'ಅಮೈಲಾಯ್ಡ್' ಎಂದು ಕರೆದರು. ಐದೇ ವರ್ಷದಲ್ಲಿ ಫ್ರೀಡ್ರೈಶ್ ಮತ್ತು ಕೆಕ್ಯುಲೆ ಅದು ಪಿಷ್ಟವಲ್ಲ, ಪ್ರೋಟೀನಿನ ಜಾತಿಯದು ಎಂದು ತೋರಿಸಿದರೂ ಹೆಸರು ಉಳಿದುಕೊಂಡಿತು. ಮುಂದೆ ಅಲೋಯ್ಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿದ್ದ 51 ವರ್ಷದ ಆಗಸ್ಟೆ ಡೇಟರ್ ಅವರ ಮರೆವು, ಗಲಿಬಿಲಿಗಳನ್ನು ವಿವರವಾಗಿ ದಾಖಲಿಸಿದರು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಮೆದುಳಿನ ತೆಳುವಾದ ಸೀಳುಗಳಿಗೆ ಬೆಳ್ಳಿಯ ಲವಣದ ಬಣ್ಣ ಹಾಕಿ ನೋಡಿದಾಗ ಎರಡು ವಸ್ತುಗಳು ಎದ್ದು ಕಂಡವು: ಕೋಶಗಳ ಹೊರಗೆ ಪ್ಲಾಕ್ ಎಂಬ ಗಡ್ಡೆಗಳು, ನರಕೋಶಗಳ ಒಳಗೆ ಎಳೆಗಳ ಸಿಕ್ಕು. 1912ರಲ್ಲಿ ಫ್ರೀಡ್ರಿಶ್ ಲೆವಿ ಪಾರ್ಕಿನ್ಸನ್ ರೋಗಿಗಳ ಮೆದುಳಿನಲ್ಲಿ ದುಂಡನೆಯ ಕಣಗಳನ್ನು ಗುರುತಿಸಿದರು. ಅವೆಲ್ಲ ಯಾವುದರಿಂದ ಆದವು ಎಂದು ತಿಳಿಯಲು ಇನ್ನೂ ಮುಕ್ಕಾಲು ಶತಮಾನ ಬೇಕಾಯಿತು.

ಪ್ರೋಟೀನಿನ ಆಕಾರದ ಬಗ್ಗೆ ತಿಳಿವಳಿಕೆ ಬೇರೊಂದು ದಾರಿಯಿಂದ ಬಂತು. ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸನ್ ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವವನ್ನು ರಾಸಾಯನಿಕಗಳಿಂದ ಬಿಡಿಸಿ, ಅದು ತಾನಾಗಿಯೇ ಮತ್ತೆ ಮಡಿಚಿಕೊಂಡು ಕೆಲಸಕ್ಕೆ ಮರಳುವುದನ್ನು 1961ರ ಹೊತ್ತಿಗೆ ತೋರಿಸಿದರು. ಆಕಾರಕ್ಕೆ ಬೇಕಾದ ಸೂಚನೆಯೆಲ್ಲ ಅಮೈನೋ ಆಮ್ಲಗಳ ಸರಣಿಯಲ್ಲೇ ಇದೆ ಎಂಬುದು ಇದರ ಅರ್ಥ. ಸರಪಳಿಯ ಕೊಂಡಿಗಳು ಯಾವ ಯಾವ ಕೋನಗಳಲ್ಲಿ ತಿರುಗಬಲ್ಲವು ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟರು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಆದರೆ ಒಂದು ಸರಣಿಗೆ ಒಂದೇ ಆಕಾರ ಎಂಬ ನಂಬಿಕೆಯಲ್ಲಿ ಬಿರುಕಿತ್ತು. ಅದನ್ನು ತೋರಿಸಿಕೊಟ್ಟದ್ದು ಒಂದು ಕುರಿ ರೋಗ ಮತ್ತು ನ್ಯೂಗಿನಿಯ ಒಂದು ಬುಡಕಟ್ಟಿನ ದುರಂತ.

ಪಪುವಾ ನ್ಯೂಗಿನಿಯ ಬೆಟ್ಟಸೀಮೆಯ ಫೋರೆ ಜನರಲ್ಲಿ ಕುರು ಎಂಬ ಕಾಯಿಲೆ ಹೆಚ್ಚಾಗಿ ಹೆಂಗಸರನ್ನೂ ಮಕ್ಕಳನ್ನೂ ಕೊಲ್ಲುತ್ತಿತ್ತು. ಮೊದಲು ನಡಿಗೆ ತಪ್ಪುತ್ತಿತ್ತು, ಆಮೇಲೆ ಮೈ ನಡುಗಿ, ಒಂದು ವರ್ಷದ ಆಸುಪಾಸಿನಲ್ಲಿ ಸಾವು. 1957ರಲ್ಲಿ ವಿನ್ಸೆಂಟ್ ಝಿಗಾಸ್ ಮತ್ತು ಕಾರ್ಲ್‌ಟನ್ ಗೈಡುಸೆಕ್ ಇದನ್ನು ವೈದ್ಯಲೋಕದ ಗಮನಕ್ಕೆ ತಂದರು. ಕುರುವಿನ ಮೆದುಳು ಸ್ಕ್ರೇಪಿ ಎಂಬ ರೋಗ ಹತ್ತಿದ ಕುರಿಯ ಮೆದುಳನ್ನೇ ಹೋಲುತ್ತದೆ ಎಂದು 1959ರಲ್ಲಿ ಪಶುವೈದ್ಯ ವಿಲಿಯಂ ಹ್ಯಾಡ್ಲೊ ಪತ್ರವೊಂದರಲ್ಲಿ ಗಮನ ಸೆಳೆದರು. ಆ ಒಂದು ಪತ್ರ ಇಡೀ ಕ್ಷೇತ್ರದ ದಿಕ್ಕು ಬದಲಿಸಿತು. ಸ್ಕ್ರೇಪಿ ಕುರಿಯಿಂದ ಕುರಿಗೆ ಅಂಟುವುದು 1936ರಿಂದಲೇ ಗೊತ್ತಿತ್ತು. ಕುರು ಕೂಡ ಚಿಂಪಾಂಜಿಗಳಿಗೆ ಅಂಟುತ್ತದೆಂದು 1966ರಲ್ಲಿ ಗೈಡುಸೆಕ್ ತಂಡ ವರದಿ ಮಾಡಿತು. ಸತ್ತ ಬಂಧುವಿನ ದೇಹವನ್ನು ಶೋಕಾಚರಣೆಯಾಗಿ ಉಣ್ಣುವ ಪದ್ಧತಿಯೇ ರೋಗ ಹರಡಿದ ದಾರಿ ಎಂಬುದನ್ನು ಮಾನವಶಾಸ್ತ್ರಜ್ಞರಾದ ಶಿರ್ಲಿ ಲಿಂಡೆನ್‌ಬಾಮ್ ಮತ್ತು ರಾಬರ್ಟ್ ಗ್ಲಾಸ್ ಊರೂರು ತಿರುಗಿ ಜೋಡಿಸಿ ತೋರಿಸಿದರು. ಆ ಪದ್ಧತಿ ನಿಂತ ಮೇಲೆ ಹುಟ್ಟಿದವರಲ್ಲಿ ಕುರು ಕಾಣಿಸಲಿಲ್ಲ. ಆದರೆ ಬಾಲ್ಯದಲ್ಲಿ ಅಂಟಿಸಿಕೊಂಡ ಕೆಲವರಲ್ಲಿ ಅದು ಐವತ್ತು ವರ್ಷ ಕಳೆದ ಮೇಲೂ ತಲೆ ಎತ್ತಿತು.

ಅಂಟುವುದಾದರೆ ವೈರಸ್ ಇರಲೇಬೇಕಲ್ಲ? ಲಂಡನ್ನಿನಲ್ಲಿ ಟಿಕ್ವಾ ಆಲ್ಪರ್ ಸ್ಕ್ರೇಪಿ ವಸ್ತುವಿನ ಮೇಲೆ ವಿಕಿರಣ ಹಾಯಿಸಿ, ಯಾವ ವಂಶವಾಹಿ ವಸ್ತುವೂ ತಾಳಲಾರದಷ್ಟು ಪ್ರಮಾಣಕ್ಕೂ ಅದು ಬಗ್ಗದಿರುವುದನ್ನು ಕಂಡರು. ಪ್ರೋಟೀನೇ ತನ್ನಂಥ ಪ್ರೋಟೀನನ್ನು ಹುಟ್ಟಿಸಬಹುದೆಂದು ಗಣಿತಜ್ಞ ಜೆ.ಎಸ್. ಗ್ರಿಫಿತ್ 1967ರಲ್ಲಿ ಊಹಿಸಿದರು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟ್ಯಾನ್ಲಿ ಪ್ರುಸಿನರ್ ಇದನ್ನು ಪ್ರಯೋಗಕ್ಕೆ ಒಡ್ಡಿದರು. ಇಲಿಗಳ ಬದಲು ಹ್ಯಾಮ್ಸ್ಟರುಗಳನ್ನು ಬಳಸಿದ್ದರಿಂದ ವರ್ಷದಷ್ಟು ಕಾಯಬೇಕಿದ್ದ ಫಲಿತಾಂಶ ಕೆಲವೇ ತಿಂಗಳಲ್ಲಿ ಕೈಗೆ ಬರತೊಡಗಿತು. 1982ರಲ್ಲಿ ಅವರು ಈ ಅಂಟುವ ಪ್ರೋಟೀನಿಗೆ 'ಪ್ರಿಯಾನ್' ಎಂಬ ಹೆಸರನ್ನು ಮುಂದಿಟ್ಟಾಗ ಎದುರಾದ ವಿರೋಧ ಸಣ್ಣದಲ್ಲ. ರೋಗದ ಪ್ರೋಟೀನೂ ಸಹಜ ಪ್ರೋಟೀನೂ ಒಂದೇ ಜೀನಿನವು, ವ್ಯತ್ಯಾಸವಿರುವುದು ಮಡಿಕೆಯಲ್ಲಿ ಮಾತ್ರ ಎಂದು ತಿಳಿದಾಗ ಮತ್ತು ಆ ಜೀನನ್ನೇ ತೆಗೆದುಹಾಕಿದ ಇಲಿಗಳಿಗೆ ಸ್ಕ್ರೇಪಿ ಹತ್ತುವುದಿಲ್ಲವೆಂದು 1993ರಲ್ಲಿ ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ತೋರಿಸಿದಾಗ ವಾದ ಬಹುಮಟ್ಟಿಗೆ ಮುಗಿಯಿತು. 1997ರ ನೊಬೆಲ್ ಪ್ರುಸಿನರ್‌ಗೆ ಸಂದಿತು.

ಅಷ್ಟರಲ್ಲಿ ಉಳಿದ ಗಂಟುಗಳ ಗುರುತೂ ಸಿಗುತ್ತ ಬಂದಿತ್ತು. 1984ರಲ್ಲಿ ಜಾರ್ಜ್ ಗ್ಲೆನರ್ ಮತ್ತು ಕೇನ್ ವಾಂಗ್ ಆಲ್ಝೈಮರ್ ಮೆದುಳಿನ ರಕ್ತನಾಳಗಳಿಂದ ಬೀಟಾ ಅಮೈಲಾಯ್ಡ್ ಎಂಬ ಪುಟ್ಟ ತುಣುಕನ್ನು ಬೇರ್ಪಡಿಸಿದರು. ಸಿಕ್ಕುಗಳಲ್ಲಿ ಟೌ, ಲೆವಿ ಕಣಗಳಲ್ಲಿ ಆಲ್ಫಾ ಸಿನ್ಯೂಕ್ಲೀನ್ (1997), ಎಎಲ್‌ಎಸ್‌ನಲ್ಲಿ ಟಿಡಿಪಿ-43 (2006) ಹೀಗೆ ಪಟ್ಟಿ ಬೆಳೆಯಿತು. 1992ರಲ್ಲಿ ಜಾನ್ ಹಾರ್ಡಿ ಮತ್ತು ಜೆರಾಲ್ಡ್ ಹಿಗಿನ್ಸ್ ಬೀಟಾ ಅಮೈಲಾಯ್ಡ್ ಶೇಖರಣೆಯೇ ಆಲ್ಝೈಮರ್‌ನ ಮೂಲ, ಮಿಕ್ಕಿದ್ದೆಲ್ಲ ಅದರ ಪರಿಣಾಮ ಎಂಬ ಸಿದ್ಧಾಂತವನ್ನು ಮಂಡಿಸಿದರು. ಔಷಧ ಸಂಶೋಧನೆಯ ಹಣ ಮತ್ತು ಶ್ರಮದ ದೊಡ್ಡ ಪಾಲು ಅದರ ಬೆನ್ನು ಹತ್ತಿತು.

ಪ್ರಯೋಗಾಲಯದಲ್ಲಿ ಈ ಗಂಟುಗಟ್ಟುವಿಕೆಯನ್ನು ನೋಡುವ ರೀತಿ ಸರಳ. 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯಲ್ಲಿ ಶುದ್ಧ ಪ್ರೋಟೀನಿನ ದ್ರಾವಣ ಹಾಕಿ, ಥಯೋಫ್ಲೇವಿನ್-ಟಿ ಎಂಬ ಬಣ್ಣ ಸೇರಿಸಿ, 37 ಡಿಗ್ರಿಯಲ್ಲಿ ಯಂತ್ರದೊಳಗೆ ಇಡುತ್ತಾರೆ. ಈ ಬಣ್ಣ ಅಮೈಲಾಯ್ಡ್ ಎಳೆಗೆ ಅಂಟಿದಾಗ ಪ್ರಖರವಾಗಿ ಬೆಳಗುತ್ತದೆ. ಎಷ್ಟೋ ಹೊತ್ತು ಬೆಳಕನ್ನು ಅಳೆಯುವ ನಕ್ಷೆಯ ಗೆರೆ ನೆಲ ಬಿಟ್ಟು ಏಳುವುದಿಲ್ಲ. ಆಮೇಲೆ ಒಮ್ಮೆಲೇ ಮೇಲೇರಿ ನಿಲ್ಲುತ್ತದೆ. ಮೊದಲೇ ರೂಪುಗೊಂಡ ಎಳೆಯ ಚೂರೊಂದನ್ನು ಬೆರೆಸಿದರೆ ಆ ಕಾಯುವ ಅವಧಿಯೇ ಇರುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಚೂರು ಉಳಿದ ಪ್ರೋಟೀನನ್ನೆಲ್ಲ ತನ್ನ ಆಕಾರಕ್ಕೆ ಎಳೆದುಕೊಳ್ಳುತ್ತದೆ. ಇದೇ ತತ್ವದ ಮೇಲೆ ರೂಪಿಸಿದ ಪರೀಕ್ಷೆಗಳು ಇಂದು ಬೆನ್ನುಹುರಿಯ ದ್ರವದಲ್ಲಿ ಪ್ರಿಯಾನ್ ಅಥವಾ ಸಿನ್ಯೂಕ್ಲೀನ್ ಇರುವುದನ್ನು ರೋಗಿ ಬದುಕಿರುವಾಗಲೇ ಪತ್ತೆ ಹಚ್ಚುತ್ತವೆ. ರೋಗಕ್ಕೆ ಸಂಬಂಧವೇ ಇಲ್ಲದ ಪ್ರೋಟೀನುಗಳೂ ತಕ್ಕ ಪರಿಸ್ಥಿತಿಯಲ್ಲಿ ಅಮೈಲಾಯ್ಡ್ ಆಗಬಲ್ಲವು ಎಂಬುದು 1998ರ ಸುಮಾರಿಗೆ ಕ್ರಿಸ್ಟೋಫರ್ ಡಾಬ್ಸನ್ ತಂಡದ ಕೆಲಸದಿಂದ ಹೊರಬಿತ್ತು. ಹಾಗಾದರೆ ಆರೋಗ್ಯವೆಂದರೆ ಮಡಿಕೆಗೆ ನೆರವಾಗುವ ಕೋಶದ ಚಾಪರೋನ್ ಪ್ರೋಟೀನುಗಳು ಮತ್ತು ವಿಲೇವಾರಿ ವ್ಯವಸ್ಥೆ ಈ ಒಲವನ್ನು ಎಡೆಬಿಡದೆ ತಡೆಯುತ್ತಿರುವುದು. ವಯಸ್ಸಾದಂತೆ ಆ ಕಾವಲು ಸಡಿಲವಾಗುತ್ತದೆ.

2017ರಲ್ಲಿ ಕೇಂಬ್ರಿಜ್‌ನ ಮೈಕೆಲ್ ಗೋಡರ್ಟ್ ಮತ್ತು ಶೂರ್ಡ್ ಶೆರೆಸ್ ತಂಡ ಆಲ್ಝೈಮರ್ ರೋಗಿಯ ಮೆದುಳಿನಿಂದಲೇ ತೆಗೆದ ಟೌ ಎಳೆಗಳ ಪರಮಾಣು ಮಟ್ಟದ ರಚನೆಯನ್ನು ಹೆಪ್ಪುಗಟ್ಟಿಸಿದ ಮಾದರಿಗಳ ಇಲೆಕ್ಟ್ರಾನ್ ಸೂಕ್ಷ್ಮದರ್ಶನದಿಂದ ಬಿಡಿಸಿತು. ಮುಂದಿನ ವರ್ಷಗಳಲ್ಲಿ ಪಿಕ್ ಕಾಯಿಲೆಯಲ್ಲಿ, ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರ ಮೆದುಳಿನಲ್ಲಿ ಅದೇ ಟೌ ಬೇರೆ ಬೇರೆ ಮಡಿಕೆ ತಳೆದಿರುವುದು ಕಂಡಿತು.

ಚಿಕಿತ್ಸೆ ಇಷ್ಟು ಮುಂದೆ ಬಂದಿಲ್ಲ. ಅಮೈಲಾಯ್ಡ್ ವಿರುದ್ಧದ ಮೊದಲ ಲಸಿಕೆಯ ಪ್ರಯೋಗ ಕೆಲವರಿಗೆ ಮೆದುಳಿನ ಉರಿಯೂತ ತಂದದ್ದರಿಂದ 2002ರಲ್ಲಿ ನಿಂತಿತು. ಎಳೆಗಳಿಗಿಂತ ಅವುಗಳ ಮೊದಲ ಹಂತದ ಸಣ್ಣ, ಕರಗುವ ಗುಂಪುಗಳೇ ಹೆಚ್ಚು ವಿಷಕಾರಿ ಎಂಬ ವಾದಕ್ಕೆ ಬಲ ಕೊಟ್ಟಿದ್ದ 2006ರ ಹೆಸರುವಾಸಿ ಪ್ರಬಂಧವೊಂದನ್ನು ಚಿತ್ರಗಳ ತಿದ್ದುವಿಕೆಯ ಕಾರಣ 2024ರಲ್ಲಿ ಹಿಂತೆಗೆದುಕೊಳ್ಳಲಾಯಿತು. ವಾದಕ್ಕೆ ಬೇರೆ ಪುರಾವೆಗಳಿವೆಯಾದರೂ ಕ್ಷೇತ್ರದ ವಿಶ್ವಾಸಕ್ಕೆ ಆದ ಗಾಯ ದೊಡ್ಡದು. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಪ್ಲಾಕ್‌ಗಳನ್ನು ಚೆನ್ನಾಗಿಯೇ ತೊಳೆಯುತ್ತದೆ, ಆದರೆ 18 ತಿಂಗಳಲ್ಲಿ ಕುಸಿತದ ವೇಗವನ್ನು ತಗ್ಗಿಸಿದ್ದು ಶೇ. 27ರಷ್ಟು, ಮೆದುಳಿನ ಊತ, ರಕ್ತಸ್ರಾವದ ಅಪಾಯವೂ ಇದೆ. ಇದರ ಪಕ್ಕದಲ್ಲಿ ಟಫಾಮಿಡಿಸ್ ಎಂಬ ಇನ್ನೊಂದು ಔಷಧವನ್ನು ಇಟ್ಟು ನೋಡಬೇಕು. ಟ್ರಾನ್ಸ್‌ಥೈರೆಟಿನ್ ಎಂಬ ನಾಲ್ಕು ತುಂಡಿನ ಪ್ರೋಟೀನು ಬಿಡಿಬಿಡಿಯಾದಾಗ ಗಂಟುಗಟ್ಟಿ ಕೈಕಾಲುಗಳ ನರಗಳನ್ನೂ ಹೃದಯವನ್ನೂ ಕೆಡಿಸುತ್ತದೆ. ಜೆಫ್ರಿ ಕೆಲ್ಲಿ ತಂಡ ರೂಪಿಸಿದ ಈ ಔಷಧ ಆ ನಾಲ್ಕನ್ನು ಬಿಡದಂತೆ ಹಿಡಿದಿಡುತ್ತದೆ. 2011ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಇದು ಗಂಟನ್ನು ತೊಳೆಯುವುದಿಲ್ಲ, ಗಂಟು ಆಗದಂತೆ ತಡೆಯುತ್ತದೆ. ಮೆದುಳಿನ ಕಾಯಿಲೆಗಳಿಗೂ ಹೆಚ್ಚು ಭರವಸೆಯ ದಾರಿ ಇದೇ.

ತಡೆಯಬೇಕಾದರೆ ಲಕ್ಷಣ ಕಾಣಿಸುವ ಎಷ್ಟೋ ವರ್ಷ ಮೊದಲೇ ಗುರುತಿಸಬೇಕು. ರಕ್ತದಲ್ಲಿ ಟೌ ಪ್ರೋಟೀನಿನ ವಿಶಿಷ್ಟ ರೂಪವೊಂದನ್ನು ಅಳೆಯುವ ಪರೀಕ್ಷೆಗಳು ಈಗ ಬಳಕೆಗೆ ಬರುತ್ತಿವೆ. ಅಮೈಲಾಯ್ಡ್ ಇದ್ದೂ ಮರೆವು ಬಾರದವರಿಗೆ ಲೆಕಾನೆಮ್ಯಾಬ್ ಕೊಟ್ಟು ನೋಡುವ ಪ್ರಯೋಗವೂ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ದಾನವಾಗಿ ಬಂದ ಮೆದುಳುಗಳ ಸಂಗ್ರಹವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ದಾಟಿದ, ಮರೆವಿನ ಕಾಯಿಲೆ ಇಲ್ಲದ ಸಾವಿರಾರು ಜನರನ್ನು ವರ್ಷಗಳ ಕಾಲ ಹಿಂಬಾಲಿಸಿ ರಕ್ತ, ಮೆದುಳಿನ ಚಿತ್ರ, ನೆನಪಿನ ಶಕ್ತಿಗಳನ್ನು ದಾಖಲಿಸುತ್ತಿದೆ. ಈ ಕಾಯಿಲೆಗಳ ಅಳತೆಗೋಲುಗಳು ಬಹುಪಾಲು ಪಶ್ಚಿಮದ ನಗರವಾಸಿಗಳಿಂದ ಬಂದವು. ಅವು ರಾಗಿ ಉಂಡು ಹೊಲದಲ್ಲಿ ದುಡಿದ, ಶಾಲೆಯ ಮುಖ ಕಾಣದ ವೃದ್ಧರಿಗೂ ಹೊಂದುತ್ತವೆಯೇ ಎಂಬುದಕ್ಕೆ ಉತ್ತರ ಇಂಥ ದಾಖಲೆಗಳಿಂದಲೇ ಸಿಗಬೇಕು.