ದಿನಕ್ಕೊಂದು ಅಧ್ಯಾಯ: ಬಳ್ಳಾರಿಯಿಂದ ಗ್ರ್ಯಾಂಡ್ ನದಿಯವರೆಗೆ

ಹೊಸ ವರ್ಷ ಬಂತೆಂದರೆ ಅನೇಕ ಕ್ರೈಸ್ತ ಮನೆಗಳಲ್ಲಿ ಒಂದು ಸಂಕಲ್ಪ ಇದ್ದೇ ಇರುತ್ತದೆ: ಈ ವರ್ಷವಾದರೂ ಬೈಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಬೇಕು! ಲೆಕ್ಕವೇನೋ ಸುಲಭ. ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ 66 ಪುಸ್ತಕಗಳು, 1,189 ಅಧ್ಯಾಯಗಳು. ದಿನಕ್ಕೆ ಮೂರು-ನಾಲ್ಕು ಅಧ್ಯಾಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ. ಸ್ಕಾಟ್ಲೆಂಡಿನ ಡಂಡೀ ಊರಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತಮ್ಮ ಸಭೆಯವರಿಗೆ ಮಾಡಿಕೊಟ್ಟ ಇಂಥದೊಂದು ಪಟ್ಟಿ ಇಂದಿಗೂ ಬಳಕೆಯಲ್ಲಿದೆ.

ಕನ್ನಡಿಗರಾದ ನಮಗೆ ಈ ಲೆಕ್ಕ ಹೊಸದೇನಲ್ಲ. ಜೈಮಿನಿ ಭಾರತಕ್ಕೆ 34 ಸಂಧಿಗಳು. ದಿನಕ್ಕೊಂದು ಓದಿದರೆ ತಿಂಗಳಿಗಿಂತ ತುಸು ಹೆಚ್ಚು. ನವರಾತ್ರಿಯ ಒಂಬತ್ತು ದಿನಗಳಲ್ಲಿ ರಾಮಾಯಣ ಪಾರಾಯಣ ಮಾಡುವ ಮನೆಗಳೂ ಉಂಟು. ಗ್ರಂಥ ಎಷ್ಟೇ ದೊಡ್ಡದಿರಲಿ, ಅದನ್ನು ದಿನದ ತುತ್ತಾಗಿ ಹಂಚಿಕೊಳ್ಳುವುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು.

ಆದರೆ ಓದುವ ರೂಢಿ ಬೆಳೆಯಬೇಕಾದರೆ ಮೊದಲು ನಮ್ಮದೇ ನುಡಿಯ ಪುಸ್ತಕ ಕೈಗೆಟುಕಬೇಕಲ್ಲವೇ? ವೇಲ್ಸಿನ ಬಡ ಹುಡುಗಿ ಮೇರಿ ಜೋನ್ಸ್ ವರ್ಷಗಟ್ಟಲೆ ಕಾಸು ಕೂಡಿಸಿ, 1800ರಲ್ಲಿ ಇಪ್ಪತ್ತೈದು ಮೈಲಿಗಳಷ್ಟು ದೂರ ನಡೆದು, ವೆಲ್ಷ್ ಭಾಷೆಯ ಬೈಬಲ್ ಕೊಂಡ ಕಥೆ ಪ್ರಸಿದ್ಧ. ಇಂಥ ಬೇಡಿಕೆಯೇ ಪ್ರೇರಣೆಯಾಗಿ 1804ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿ ಹುಟ್ಟಿತು.

ಈ ಸಂಸ್ಥೆ ಪರಭಾಷೆಯಲ್ಲಿ ಮೊಟ್ಟಮೊದಲು ಅಚ್ಚು ಹಾಕಿಸಿದ್ದು ಯಾವ ಭಾಷೆಯ ಪುಸ್ತಕವನ್ನು ಗೊತ್ತೇ? ನಮ್ಮ ನೆರೆಯ ಮೊಹಾಕ್ ಭಾಷೆಯದನ್ನು! ಮಿಸ್ಸಿಸಾಗಾದಿಂದ 403ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಒಂದು ಗಂಟೆ ಹೋದರೆ ಗ್ರ್ಯಾಂಡ್ ನದಿಯ ದಡದ ಬ್ರ್ಯಾಂಟ್‌ಫರ್ಡ್ ಸಿಗುತ್ತದೆ. ಅಲ್ಲಿನ ಮೊಹಾಕ್ ನಾಯಕ ಜೋಸೆಫ್ ಬ್ರ್ಯಾಂಟ್ ಅನುವಾದಿಸಿದ ಮಾರ್ಕನ ಸುವಾರ್ತೆ 1787ರಲ್ಲೇ ಅಚ್ಚಾಗಿತ್ತು. ಅವರ ಬಳಗದ ಜಾನ್ ನಾರ್ಟನ್ ಯೋಹಾನನ ಸುವಾರ್ತೆಯನ್ನು ಅನುವಾದಿಸಿದರು. ಸೊಸೈಟಿ ಅದರ 2,000 ಪ್ರತಿಗಳನ್ನು ಅಚ್ಚು ಹಾಕಿಸಿತು.

ಕನ್ನಡದ ಸರದಿ ಬಂದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಅನುವಾದಕ್ಕೆ ಕೈಹಾಕಿದರು. ಆಗ ನಿಘಂಟಿನ ನೆರವೂ ಇರಲಿಲ್ಲ. ಅವರ ಜೊತೆಗಾರ ವಿಲಿಯಂ ರೀವ್ ಅದನ್ನೂ ಸಿದ್ಧಪಡಿಸಬೇಕಾಯಿತು. ಇಡೀ ಬೈಬಲ್ ಕನ್ನಡದಲ್ಲಿ ಬರುವ ಹೊತ್ತಿಗೆ 1831 ಆಗಿತ್ತು. ಎರಡು ದಶಕಗಳ ದುಡಿಮೆ!

ಪುಸ್ತಕವೇನೋ ಬಂತು. ಓದುವವರು? ಅಕ್ಷರ ಬಲ್ಲವರು ಕೆಲವರೇ. ಆದರೆ ಕೇಳುವವರು ಊರ ತುಂಬ ಇದ್ದರು. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಸುತ್ತ ಕುಳಿತು ಕೇಳುವುದು: ಇದು ನಮ್ಮ ಗಮಕದ ದಾರಿ. ಮಂಗಳೂರಿನ ಬಾಸೆಲ್ ಮಿಷನ್ನಿನವರು ಇದರ ಬಲವನ್ನು ಬೇಗ ಗುರುತಿಸಿದರು. 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗ್ 1848ರಿಂದ ಮುಂದೆ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನೂ ಅಚ್ಚು ಹಾಕಿಸಿದರು. ನಿಘಂಟಿನ ಕಿಟ್ಟೆಲ್ 1862ರ 'ಕಥಾಮಾಲೆ'ಯಲ್ಲಿ ಕ್ರಿಸ್ತನ ಕಥೆಯನ್ನು ಹಾಡಲು ಬರುವಂತೆ ಕನ್ನಡ ಛಂದಸ್ಸಿನಲ್ಲೇ ಹೇಳಿದರು. ಧರ್ಮಪ್ರಚಾರವೇ ಅವರ ಉದ್ದೇಶವಾಗಿತ್ತೆಂಬುದು ನಿಜ. ಆದರೂ ಕನ್ನಡಿಗರ ಕಿವಿ ಯಾವುದಕ್ಕೆ ಒಗ್ಗಿದೆಯೆಂದು ಅವರು ಬಲ್ಲರು. 'ಸತ್ಯವೇದ' ಎಂಬ ಹೆಸರಿನಲ್ಲಿ ಆ ಗ್ರಂಥ ಮುಂದೆ ಮಂಗಳೂರು, ಹುಬ್ಬಳ್ಳಿ, ಧಾರವಾಡಗಳ ಕ್ರೈಸ್ತ ಮನೆಗಳಲ್ಲಿ ನಿತ್ಯದ ಮಾತಾಯಿತು.

ಮೊಹಾಕರ ಪುಸ್ತಕದ ಗತಿ ಬೇರೆಯಾಯಿತು. ಅದೇ ಬ್ರ್ಯಾಂಟ್‌ಫರ್ಡಿನಲ್ಲಿ ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ವಸತಿ ಶಾಲೆ 1970ರವರೆಗೆ ನಡೆಯಿತು. ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ, ತಾಯ್ನುಡಿ ಆಡಿದರೆ ಶಿಕ್ಷಿಸಿದ ಶಾಲೆ ಅದು. ನಡೆಸಿದವರೂ ಬೈಬಲ್ ಹಿಡಿದವರೇ! ಸುವಾರ್ತೆಯನ್ನು ಮೊದಲು ಮೊಹಾಕಿನಲ್ಲಿ ಕೊಟ್ಟ ಧರ್ಮವೇ ಆ ನುಡಿಯನ್ನು ಮಕ್ಕಳ ಬಾಯಿಂದ ಕಿತ್ತುಕೊಂಡಿತು. ಕಪಾಟಿನಲ್ಲಿ ಪುಸ್ತಕ ಉಳಿಯಿತು, ಮನೆಯಲ್ಲಿ ಅದನ್ನು ಓದುವ ದನಿ ಅಡಗುತ್ತ ಬಂತು. 1980ರ ದಶಕದಿಂದ ಅವರು ಮೊಹಾಕ್ ಮಾಧ್ಯಮದ ಶಾಲೆಗಳನ್ನು ತೆರೆದು ಆ ದನಿಯನ್ನು ಮತ್ತೆ ಕಟ್ಟುತ್ತಿದ್ದಾರೆ.

ನಮ್ಮ ಮಕ್ಕಳ ಕನ್ನಡವನ್ನು ಇಲ್ಲಿ ಯಾರೂ ಕಿತ್ತುಕೊಂಡಿಲ್ಲ. ಹಾಗಾಗಿ ಅದು ಹೋದರೆ ದೂರಲು ನಮಗೆ ಯಾರೂ ಸಿಗುವುದಿಲ್ಲ. ಬ್ರ್ಯಾಂಪ್ಟನ್, ಸ್ಕಾರ್ಬರೋ, ಮಿಸ್ಸಿಸಾಗಾದ ನಮ್ಮ ಮನೆಗಳಲ್ಲೂ ಕಪಾಟಿನಲ್ಲಿ ಕುಮಾರವ್ಯಾಸನೋ, ವಚನಗಳೋ, ಸತ್ಯವೇದವೋ ಇದ್ದೇ ಇದೆ. ವರ್ಷಕ್ಕೆ ಮುಗಿಸುವ ಹಟ ಬೇಡ. ಊಟವಾದ ಮೇಲೆ ಹತ್ತು ನಿಮಿಷ, ದಿನವೂ ಅದೇ ಹೊತ್ತು, ಗಟ್ಟಿಯಾಗಿ ಓದೋಣ. ಅಕ್ಷರ ಬಾರದ ಮಕ್ಕಳು ಕೇಳಲಿ. ಕೇಳುತ್ತ ಕೇಳುತ್ತ ಅವರಲ್ಲೊಬ್ಬರು ಪುಸ್ತಕಕ್ಕೆ ಕೈ ಚಾಚಿದರೆ ಅಷ್ಟೇ ಸಾಕು. ಏನಂತೀರಿ?