ಶೀರ್ಷಿಕೆಯ ಸ್ಥಾನವೂ ಒತ್ತಕ್ಷರದ ಅವಕಾಶವೂ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯಿಂದ ಅಗಲಿ ಮುಂಬಯಿ ರಾಜ್ಯಕ್ಕೆ ಸೇರಿದ ಉದಗೀರ, ನಿಲಂಗಾ ತಾಲ್ಲೂಕುಗಳಲ್ಲಿಯೂ, ಅವುಗಳ ನೆರೆಯ ಉಮರ್ಗಾ ಸೀಮೆಯ ಸಾಸ್ತೂರದಂತಹ ಊರುಗಳಲ್ಲಿಯೂ, ಮನೆಯ ಮಾತು ಕನ್ನಡವಾಗಿ ಕಚೇರಿಯ ಬರಹ ಮರಾಠಿಯಾಗಿರುವ ಸಂಸಾರಗಳು ಇಂದಿಗೂ ಉಂಟು. ಇಂಥವರ ಸಭೆಗೆ, 1993ರ ಸೆಪ್ಟೆಂಬರ್ 30ರ ಭೂಕಂಪವನ್ನು ಕುರಿತು ಪಿಪಿಟಿ ಸಿದ್ಧಪಡಿಸುವ ಅಧ್ಯಾಪಕನು 'ಸಾಸ್ತೂರ, ಕಿಲ್ಲಾರಿ: ಭೂಕಂಪದ ತರುವಾಯ' ಎಂದು ಮೇಲಿನ ಸಾಲಿನಲ್ಲಿ ಕನ್ನಡದಲ್ಲಿ ಬರೆದು, ಅದನ್ನೇ ಕೆಳಗೆ ಮರಾಠಿಯಲ್ಲಿ ಬರೆದನೆನ್ನೋಣ. 'ಸ್ತೂ' ಎಂಬಲ್ಲಿಯ ತಕಾರದ ಒತ್ತು ಇಳಿದು, ಮರಾಠಿಯ ಶಿರೋರೇಖೆಯನ್ನು ಮುಟ್ಟಿ, ಎರಡೂ ಕಲೆತು ಒಂದು ಕಪ್ಪು ಚುಕ್ಕೆಯಾಗುವ ಸಂಭವವುಂಟು. ಇದು ಬರೆದವನ ಪ್ರಮಾದವಲ್ಲ. ಸ್ಲೈಡಿನ ಚೌಕಟ್ಟನ್ನು ಯಾವ ಲಿಪಿಯನ್ನು ಕಣ್ಣೆದುರಿಗಿಟ್ಟುಕೊಂಡು ರಚಿಸಿದರೋ ಆ ಲಿಪಿಗೆ ಒತ್ತಕ್ಷರವೇ ಇಲ್ಲ.

ಆ ಚೌಕಟ್ಟು ಒಮ್ಮೆಗೇ ಹುಟ್ಟಿದ್ದಲ್ಲ. ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮೊದಲಾದವರು ಫೋರ್‌ಥಾಟ್ ಸಂಸ್ಥೆಯಲ್ಲಿ ರೂಪಿಸಿದ ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್ ಯಂತ್ರಕ್ಕೆಂದು ಹೊರಬಂದಾಗ ಅದರ ಮುಖ್ಯ ಉದ್ದೇಶ ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಗಳನ್ನು ಮುದ್ರಿಸುವುದಷ್ಟೇ ಆಗಿದ್ದಿತು. ಅದೇ ವರ್ಷ ಮೈಕ್ರೋಸಾಫ್ಟ್ ಅದನ್ನು 1.4 ಕೋಟಿ ಡಾಲರಿಗೆ ಕೊಂಡುಕೊಂಡಿತು. 1994ರ ನಾಲ್ಕನೆಯ ಆವೃತ್ತಿಯಲ್ಲಿ ಸಿದ್ಧ ಲೇಔಟ್‌ಗಳು ಬಂದವು. 2007ರಲ್ಲಿ ಸ್ಲೈಡ್ ಮಾಸ್ಟರ್, ಅದರ ಅಧೀನದಲ್ಲಿ ಬಳಕೆದಾರನೇ ರಚಿಸಿಕೊಳ್ಳಬಲ್ಲ ಲೇಔಟ್‌ಗಳು, ಅವುಗಳ ಅಧೀನದಲ್ಲಿ ಸ್ಲೈಡ್‌ಗಳು ಎಂಬ ವಂಶಕ್ರಮವು ಸ್ಥಿರಪಟ್ಟಿತು. ಶೀರ್ಷಿಕೆಯು ಬರಿಯ ದೊಡ್ಡಕ್ಷರವಾಗಿರದೆ ಒಂದು ಅಧಿಕಾರಸ್ಥಾನವಾದುದು ಈ ಕ್ರಮದಿಂದಲೇ.

ಈ ಸ್ಥಾನವನ್ನು ಮರೆತು, ಟೈಟಲ್ ಪ್ಲೇಸ್‌ಹೋಲ್ಡರನ್ನು ಅಳಿಸಿ, ಅದೇ ಜಾಗದಲ್ಲಿ ಟೆಕ್ಸ್ಟ್ ಬಾಕ್ಸೊಂದನ್ನು ಎಳೆದು ಬರೆಯುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಕಣ್ಣಿಗೆ ಎರಡೂ ಒಂದೇ. ಆದರೆ ಔಟ್‌ಲೈನ್ ವ್ಯೂನಲ್ಲಿ ಆ ಸ್ಲೈಡಿಗೆ ಹೆಸರಿರುವುದಿಲ್ಲ. ಥೀಮ್ ಬದಲಾಯಿಸಿದಾಗ ಉಳಿದ ಶೀರ್ಷಿಕೆಗಳೊಡನೆ ಅದು ಬದಲಾಗುವುದಿಲ್ಲ. ದೃಷ್ಟಿಹೀನರು ಸ್ಕ್ರೀನ್ ರೀಡರಿನಿಂದ ಸ್ಲೈಡುಗಳನ್ನು ಅರಸುವಾಗ ಅದು ಅನಾಮಧೇಯವಾಗಿಯೇ ಉಳಿಯುತ್ತದೆ. 2010ರ ಆಫೀಸ್‌ನಲ್ಲಿ ಸೇರಿದ ಆಕ್ಸೆಸಿಬಿಲಿಟಿ ಚೆಕರ್ ಶೀರ್ಷಿಕೆಯಿಲ್ಲದ ಸ್ಲೈಡನ್ನು ದೋಷವೆಂದು ಎತ್ತಿ ತೋರಿಸಿದ್ದು ಉಚಿತವೇ. ಲೇಔಟನ್ನು ಮತ್ತೊಮ್ಮೆ ಅನ್ವಯಿಸಿ 'ರೀಸೆಟ್' ಒತ್ತಿದರೆ ಕಳೆದುಹೋದ ಪೆಟ್ಟಿಗೆ ಮರಳಿ ಬರುತ್ತದೆ.

ಕನ್ನಡದ ಕಷ್ಟ ಇದಕ್ಕಿಂತ ಆಳವಾದುದು. 1998ರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ಅಲ್ಪವಲ್ಲ. ಆದರೂ ಅವುಗಳ ಹಳೆಯ ಫಾಂಟುಗಳಲ್ಲಿ ಪರದೆಯ ಮೇಲೆ ಕನ್ನಡ ಕಂಡರೂ ಕಡತದೊಳಗೆ ಅಡಗಿದ್ದುದು ರೋಮನ್ ಸಂಕೇತಗಳು. ಆದುದರಿಂದಲೇ ಆಟೋಕರೆಕ್ಟ್ ವಾಕ್ಯದ ಮೊದಲಕ್ಷರವನ್ನು ಇಂಗ್ಲಿಷಿನ ದೊಡ್ಡಕ್ಷರವಾಗಿಸಿದೊಡನೆ ಶೀರ್ಷಿಕೆಯ ಮೊದಲ ಕನ್ನಡಾಕ್ಷರ ಬೇರೊಂದಾಗಿ ಮಾರ್ಪಡುತ್ತಿತ್ತು. ಶೀರ್ಷಿಕೆಗಳನ್ನೆಲ್ಲ ದೊಡ್ಡಕ್ಷರದಲ್ಲಿ ತೋರಿಸುವ ಥೀಮ್ ಹಾಕಿದರಂತೂ ಇಡೀ ಸಾಲೇ ಕೆಡುತ್ತಿತ್ತು. ಫಾಂಟಿಲ್ಲದ ಪರಗಣಕದಲ್ಲಿ ಕಾಣುತ್ತಿದ್ದುದು ಅರ್ಥಹೀನ ರೋಮನ್ ಅಕ್ಷರಗಳ ರಾಶಿ.

ಯೂನಿಕೋಡ್ ಈ ಗೊಂದಲವನ್ನು ಬಹುಮಟ್ಟಿಗೆ ಪರಿಹರಿಸಿತು. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ತುಂಗಾ ಫಾಂಟ್ ಬಂದಿತು. ಆಫೀಸಿನ ಥೀಮ್ ಕಡತದಲ್ಲಿ ಕನ್ನಡಕ್ಕೆ ತುಂಗಾ, ದೇವನಾಗರಿಗೆ ಮಂಗಲ್ ಎಂಬ ನಿಯಮವೂ ಬರೆಯಲ್ಪಟ್ಟಿತು. ಸಾಸ್ತೂರದ ದ್ವಿಭಾಷಾ ಶೀರ್ಷಿಕೆಯಲ್ಲಿ ಒಂದೇ ಫಾಂಟ್ ಆರಿಸಿದರೂ ಎರಡು ಸಾಲುಗಳು ಎರಡು ಗಾತ್ರದವೆಂಬಂತೆ ತೋರುವುದಕ್ಕೆ ಅನೇಕ ವೇಳೆ ಕಾರಣ ಈ ನಿಯಮವೇ. ವಿಂಡೋಸ್ 10ರಲ್ಲಿ ಇವೆರಡೂ ಹೆಚ್ಚುವರಿ ಫಾಂಟುಗಳ ಪಂಕ್ತಿಗೆ ಸರಿದುವು. ಎರಡು ಲಿಪಿಗಳನ್ನೂ ಬಲ್ಲ ನಿರ್ಮಲಾ ಯುಐ ಈಗ ವ್ಯವಸ್ಥೆಯೊಡನೆಯೇ ಇದೆ. ಎರಡು ಸಾಲುಗಳಿಗೂ ಅದನ್ನೇ ಸ್ಪಷ್ಟವಾಗಿ ವಿಧಿಸುವುದು ಲೇಸು.

ಇನ್ನು ಒತ್ತಿನ ಸಂಗತಿ. 2013ರಿಂದೀಚಿನ ಆಫೀಸ್ ಥೀಮಿನಲ್ಲಿ ಶೀರ್ಷಿಕೆಯ ಸಾಲುಗಳ ಅಂತರ ಶೇಕಡ 90. ಇಂಗ್ಲಿಷಿಗೆ ಅದು ಸುಂದರ, ಕನ್ನಡಕ್ಕೆ ಅದು ಉಸಿರುಗಟ್ಟು. ಪೆಟ್ಟಿಗೆಯಲ್ಲಿ ಹಿಡಿಸದ ಬರಹವನ್ನು ತಂತ್ರಾಂಶವು ತಾನಾಗಿ ಕಿರಿದಾಗಿಸುವುದೂ ಉಂಟು. ಆಗ ಹಿಂದಿನ ಬೆಂಚಿನವನಿಗೆ ಓದುವುದೇ ದುಸ್ತರ. ಸ್ಲೈಡ್ ಮಾಸ್ಟರ್ ತೆರೆದು, ಶೀರ್ಷಿಕೆಯ ಪ್ಲೇಸ್‌ಹೋಲ್ಡರಿನಲ್ಲಿ ಅಂತರವನ್ನು ನೂರಕ್ಕೋ, ಸಾಲದೆ ಬಂದರೆ ಇನ್ನೂ ಸ್ವಲ್ಪ ಮೇಲಕ್ಕೋ ಏರಿಸಿ, ಪೆಟ್ಟಿಗೆಯ ಎತ್ತರವನ್ನು ಹಿಗ್ಗಿಸಿದರೆ, ಒಂದೆಡೆ ಮಾಡಿದ ಈ ತಿದ್ದುಪಡಿ ಕೈಯಾಡಿಸದೆ ಬಿಟ್ಟ ಎಲ್ಲ ಸ್ಲೈಡುಗಳಿಗೂ ಇಳಿದುಬರುತ್ತದೆ. ಸ್ಲೈಡಿನಿಂದ ಸ್ಲೈಡಿಗೆ ಹೋಗಿ ಎಂಟರ್ ಒತ್ತಿ ಸಾಲು ದೂಡುವ ಅಭ್ಯಾಸವನ್ನು ನಾನು ಶ್ರಮವೆನ್ನುವೆನೇ ಹೊರತು ಪರಿಹಾರವೆನ್ನಲಾರೆ.

ಬೇರೆಯವರ ಲ್ಯಾಪ್‌ಟಾಪಿನಿಂದ ಪ್ರದರ್ಶಿಸಬೇಕಾಗಿ ಬಂದಲ್ಲಿ ಫಾಂಟನ್ನು ಕಡತದೊಳಗೇ ಅಡಕಗೊಳಿಸಬಹುದು. ಆ ಫಾಂಟಿನ ಪರವಾನಗಿ ಅದಕ್ಕೆ ಒಪ್ಪದಿದ್ದರೆ ಪಿಡಿಎಫ್ ಪ್ರತಿಯೊಂದನ್ನು ಪೆನ್‌ಡ್ರೈವಿನಲ್ಲಿ ಜೊತೆಗೆ ಒಯ್ಯಬೇಕು. ಅದರಲ್ಲಿ ಅನಿಮೇಷನ್ ನಡೆಯದು. ಒತ್ತು ಮಾತ್ರ ಇಟ್ಟಲ್ಲೇ ಇರುತ್ತದೆ.